ಗಡಿಗೆಯೊಳಗಿನ ಹೊಟ್ಟನ್ನು ಊದಬೇಡಿ

ಮನೆಯಲ್ಲೇ ಲೇತ್ (ಕಟ್ಟಿಗೆಯನ್ನು ಗರಗರ ತಿರುಗಿಸುವ ಯಂತ್ರ) ಇಟ್ಟುಕೊಂಡು, ಉಳಿ ಹಿಡಿದು ಕಟ್ಟಿಗೆ ಕಡೆಯುವ ಹುಚ್ಚಿನವರು ಹುಬ್ಬಳ್ಳಿ-ಧಾರವಾಡದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದೇವೆ. ನಿಮ್ಮಲ್ಲಿ ಯಾರಾದರೂ ಕಪ್ಪು ಗೆರೆಯ ಮಾವಿನ ಕಟ್ಟಿಗೆ ತಂದಿಟ್ಟಿದ್ದರೆ, ಲೇತಿನ ಚಕ್ಕಿಗೆ, ಅಂದರೆ ಕಟ್ಟಿಗೆ ಕಚ್ಚಿ ಹಿಡಿಯುವ ದವಡೆಗೆ, ಏರಿಸುವ ಮೊದಲು ಇದನ್ನು ಓದಿ. ಹೋದ ವರ್ಷ ಆಷಾಢದಲ್ಲಿ ನಾನು ಮಾಡಿದ ದಡ್ಡತನ ಇದು. ಕಟ್ಟಿಗೆ ಹಾರಿ ಬಂದು ಮುಖಕ್ಕೆ ಬಡಿದೀತು ಅಂತ ಹೆದರಿದ್ದೆ. ಅದು ಹಾರಿತು ಕೂಡ. ಆದರೆ ನಾನು ಹಾಸಿಗೆ ಹಿಡಿದದ್ದು ಬೇರೆ ಕಾರಣಕ್ಕೆ.

ಧಾರವಾಡದ ಹೊರಗೆ ಒಂದು ಹಳೇ ಆಪೂಸ್ ತೋಟ ಕಡಿದು ಲೇಔಟ್ ಮಾಡಿದರು. ಅಲ್ಲಿನ ದಿಮ್ಮಿಗಳು ಒಂದು ಸಾಮಿಲ್ಲಿನ ಅಂಗಳದಲ್ಲಿ ಇಡೀ ಮಳೆಗಾಲ ಜಿಟಿಜಿಟಿ ಮಳೆಯಲ್ಲಿ ನೆನೆಯುತ್ತಾ ಬಿದ್ದಿದ್ದವು. ಒಂದನ್ನು ಸೀಳಿಸಿ ನೋಡಿದೆ. ಶಾಯಿಯಲ್ಲಿ ನಕಾಶೆ ಬರೆದ ಹಾಗೆ ಒಳಗೆಲ್ಲ ಸಣ್ಣ ಕಪ್ಪು ಗೆರೆ, ನಡುನಡುವೆ ಬೆಳ್ಳಗೆ ಬಿಳಿಚಿಕೊಂಡ ಜಾಗ. ಸಾಮಿಲ್ಲಿನ ಹಿರಿಯರು ನಕ್ಕುಬಿಟ್ಟರು. "ಸಾಹೇಬ್ರ, ಇದು ಲಡ್ಡ ಹಿಡದದ್ದು. ಒಲಿಗೂ ಬರೂದಿಲ್ಲ, ಇದನ್ನ ತಗೊಂಡು ಏನ್ ಮಾಡ್ತೀರಿ?" ಅವರು ಹೇಳಿದ್ದೇ ಖರೆ. ನಾನು ನಾಲ್ಕು ತುಂಡು ಆಟೋಗೆ ಹಾಕಿಸಿಕೊಂಡು ಬಂದೆ.

ಇಂಥ ಕಟ್ಟಿಗೆಗೆ ಸ್ಪಾಲ್ಟೆಡ್ ಅನ್ನುತ್ತಾರೆ. ಮರ ಬಿದ್ದ ಮೇಲೆ ಹಸಿ ಇರುವಾಗಲೇ ಅಣಬೆ ಜಾತಿಯ ಶಿಲೀಂಧ್ರಗಳು ಒಳಗೆ ಹೊಕ್ಕು ತಿನ್ನಲು ಶುರು ಮಾಡುತ್ತವೆ. ಒಂದು ಗುಂಪು ಇನ್ನೊಂದು ಗುಂಪಿಗೆ ಎದುರಾದ ಕಡೆ ನಡುವೆ ಗೋಡೆ ಕಟ್ಟಿಕೊಳ್ಳುತ್ತವೆ, ಹೊಲಕ್ಕೆ ಬದು ಹಾಕಿದ ಹಾಗೆ. ನಾವು ಮರುಳಾಗುವ ಕಪ್ಪು ಗೆರೆ ಅದೇ. ಬಿಳಿ ಜಾಗ ಅಂದರೆ ಅಲ್ಲಿನ ಸತ್ವ ಆಗಲೇ ಹೋಗಿದೆ ಅಂತ ಅರ್ಥ. ಕಟ್ಟಿಗೆಯ ತೇವ ಸುಮಾರು 20 ಪರ್ಸೆಂಟಿಗಿಂತ ಕೆಳಗೆ ಇಳಿದರೆ ಈ ತಿನ್ನಾಟ ನಿಲ್ಲುತ್ತದೆ. ಆದರೆ ತಿಂದು ಹೋದದ್ದು ಮತ್ತೆ ಗಟ್ಟಿ ಆಗುವುದಿಲ್ಲ.

ನನಗೆ ಈ ಹುಚ್ಚು ಹತ್ತಿದ್ದು ಗದಗಿನ ಹತ್ತಿರ ಲಕ್ಕುಂಡಿಯಲ್ಲಿ. ಚಾಲುಕ್ಯರ ಕಾಲದ ಆ ಕಡೆದ ಕಂಬಗಳನ್ನು ನೋಡಿದವರಿಗೆ ಗೊತ್ತು, ಕಲ್ಲಿನಲ್ಲಿ ಬಳೆ ಜೋಡಿಸಿಟ್ಟ ಹಾಗಿವೆ. ಕಲ್ಲೇ ಹಾಗೆ ತಿರುಗುವುದಾದರೆ ಕಟ್ಟಿಗೆ ಯಾವ ಲೆಕ್ಕ ಅಂದುಕೊಂಡಿದ್ದೆ. ಅದು ಬಳಪದ ಕಲ್ಲು, ಮೆತ್ತಗಿದ್ದರೂ ಒಳಹೊರಗೆ ಒಂದೇ ಸಮ. ನನ್ನ ಕಟ್ಟಿಗೆ ಒಂದು ಬೆರಳಿನಷ್ಟು ಜಾಗದಲ್ಲಿ ಗಟ್ಟಿ, ಪಕ್ಕದ ಬೆರಳಿನಷ್ಟು ಜಾಗದಲ್ಲಿ ನೆನೆದ ರಸ್ಕು. ಉಳಿಯ ಬಾಯಿ ಗಟ್ಟಿ ಜಾಗದಿಂದ ಮೆತ್ತನೆ ಜಾಗಕ್ಕೆ ಜಾರಿದ ಕೂಡಲೇ ಧುಮುಕಿ ಕಚ್ಚುತ್ತದೆ.

ಮೊದಲನೇ ತುಂಡು ಎಂಟು ಇಂಚು ಅಗಲದ್ದು. ಇಂಚಿನ ಅಗಲವನ್ನು ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ) ಗುಣಿಸಿದರೆ 6,000ದಿಂದ 9,000ದ ಒಳಗೆ ಬರಬೇಕು ಅಂತ ಕಡೆಯುವವರ ಒಂದು ಲೆಕ್ಕ ಇದೆ. ನಾನು 900ಕ್ಕೆ ಇಟ್ಟಿದ್ದೆ, ಅಂದರೆ 7,200. ಲೆಕ್ಕ ಸರಿಯೇ ಇತ್ತು. ಆದರೆ ಆ ಲೆಕ್ಕ ಗಟ್ಟಿ ಕಟ್ಟಿಗೆಯದು. ಚಕ್ಕಿನ ದವಡೆ ಕಚ್ಚಿಕೊಳ್ಳಲಿ ಅಂತ ಬುಡದಲ್ಲಿ ಬಿಟ್ಟಿದ್ದ ಮೋಟು ಬಿಳಿ ಜಾಗದಲ್ಲೇ ಇತ್ತು. ಉಳಿ ಒಮ್ಮೆ ಕಚ್ಚಿದ್ದೇ ತಡ, ಮೋಟು ಮುರಿದು ತುಂಡು ಷೆಡ್ಡಿನ ತಗಡಿಗೆ ಬಡಿಯಿತು. ಪಕ್ಕದ ಮನೆಯವರು ಗ್ಯಾಸ್ ಸಿಲಿಂಡರ್ ಸಿಡಿಯಿತು ಅಂತ ಓಡಿ ಬಂದರು. ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್ ಇತ್ತು, ಬರೀ ಕನ್ನಡಕ ಅಲ್ಲ. ಒಂದು ಚೂರು ಶೀಲ್ಡಿಗೆ ಬಡಿದು ಕೆಳಗೆ ಬಿತ್ತು, ಅಷ್ಟೇ.

ಇದರಿಂದ ಕಲಿತೆ, ನಿಜ. ಎರಡನೇ ತುಂಡಿಗೆ ಮೋಟನ್ನು ಗಟ್ಟಿ ಜಾಗದಲ್ಲೇ ತೆಗೆದೆ. ಉಗುರು ಒತ್ತಿ, ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಮೆತ್ತನೆ ಜಾಗಕ್ಕೆ ತೆಳು ಸೂಪರ್ ಗ್ಲೂ ಕುಡಿಸಿದೆ. (ಹತ್ತಿ ಬಟ್ಟೆಯಲ್ಲಿ ಅದನ್ನು ಒರೆಸಲು ಹೋಗಬೇಡಿ. ಬಟ್ಟೆ ಕೈಯಲ್ಲೇ ಸುಡುವಷ್ಟು ಬಿಸಿಯಾಗಿ ಹೊಗೆ ಬಂತು.) ವೇಗ ಇಳಿಸಿದೆ. ಇಷ್ಟೆಲ್ಲ ಮಾಡಿದ ಮೇಲೆ ನಾನು ಭಾರಿ ಜಾಣ ಅನ್ನಿಸಿತು.

ಆ ಎರಡನೇ ತುಂಡಿನಲ್ಲಿ ಗಡಿಗೆ ಮಾಡಲು ಹೊರಟಿದ್ದೆ. ಸಣ್ಣ ಬಾಯಿಯ ಗಡಿಗೆ ಕೊರೆಯುವ ಕೆಲಸ ಬೋಗುಣಿ ಮಾಡಿದ ಹಾಗಲ್ಲ. ಬೋಗುಣಿಯ ಹೊಟ್ಟು ತಾನೇ ಹೊರಗೆ ಹಾರುತ್ತದೆ. ಗಡಿಗೆಯಲ್ಲಿ ಎರಡು ಬೆರಳಿನ ಬಾಯಿಯಿಂದ ಉದ್ದನೆ ಉಳಿ ಒಳಗೆ ಬಿಡಬೇಕು, ಅದರ ತುದಿ ಕಣ್ಣಿಗೆ ಕಾಣುವುದಿಲ್ಲ, ಸದ್ದಿನ ಮೇಲೇ ಅಂದಾಜು. ಹೊಟ್ಟು ಒಳಗೇ ಉಳಿದು, ತಿರುಗುವ ರಭಸಕ್ಕೆ ಗೋಡೆಗೆ ಒತ್ತಿಕೊಳ್ಳುತ್ತದೆ. ತೆಗೆಯದಿದ್ದರೆ ಉಳಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಐದೈದು ನಿಮಿಷಕ್ಕೆ ನಿಲ್ಲಿಸಬೇಕು, ಖಾಲಿ ಮಾಡಬೇಕು.

ನಾನು ಖಾಲಿ ಮಾಡಿದ್ದು ಕಂಪ್ರೆಸರ್ ಗಾಳಿಯಿಂದ. ಪೈಪನ್ನು ಗಡಿಗೆಯ ಬಾಯಿಗೆ ಹಿಡಿದು ಗುಂಡಿ ಒತ್ತಿದರೆ ಒಳಗಿನದೆಲ್ಲ ಭುಸ್ ಅಂತ ಆಚೆ ಬರುತ್ತಿತ್ತು. ಈ ಕಟ್ಟಿಗೆಯಲ್ಲಿ ಸುರುಳಿ ಸುರುಳಿ ಸಿಪ್ಪೆ ಬರುವುದಿಲ್ಲ, ಹಿಟ್ಟು ಬರುತ್ತದೆ. ಹೊರಗೆ ಮಳೆ. ಇರಚಲು ಬರುತ್ತದೆ ಅಂತ ಷೆಡ್ಡಿನ ಬಾಗಿಲು, ಕಿಟಕಿ ಎಲ್ಲ ಹಾಕಿದ್ದೆ. ಮೂಗಿಗೆ ಕೊರೊನಾ ಕಾಲದ ಬಟ್ಟೆ ಮಾಸ್ಕು, ಅದರ ಕೆಳಗೆ ಗಡ್ಡ. ಬಲ್ಬಿನ ಬೆಳಕಿನಲ್ಲಿ ಧೂಳು ಮಂಜಿನ ಹಾಗೆ ನಿಂತಿತ್ತು. ಕೋಣೆಯೆಲ್ಲ ಅಣಬೆ ವಾಸನೆ. ನನಗೆ ಅದು ಚೆಂದ ಅನ್ನಿಸಿತ್ತು ಅಂದರೆ ನಂಬುತ್ತೀರಾ?

ಆ ರಾತ್ರಿ ಹನ್ನೊಂದಕ್ಕೆ ಚಳಿ ಬಂತು. ಜ್ವರ, ಮೈಕೈ ನೋವು, ಎದೆ ಬಿಗಿ, ಒಣ ಕೆಮ್ಮು. ಮಾರನೇ ದಿನ ಸಂಜೆಗೆ ಎಲ್ಲ ಮಾಯ. ಮಳೆಗಾಲದ ಜ್ವರ ಅಂತ ಸುಮ್ನೆ ಬಿಟ್ಟೆ. ಮುಂದಿನ ಭಾನುವಾರ ಮತ್ತೆ ಕೂತೆ, ರಾತ್ರಿ ಮತ್ತೆ ಜ್ವರ. ಮೂರನೇ ಸಲ ನನ್ನ ಹೆಂಡತಿಯೇ ಹಿಡಿದಳು. "ಲೇತ್ ಹಚ್ಚಿದ ದಿನಾನ ನಿಮಗ ಜ್ವರ ಬರ್ತಾವ ನೋಡ್ರಿ. ನೀವು ಲೆಕ್ಕ ಹಾಕೇ ಇಲ್ಲೇನು?" ಹಾಕಿರಲಿಲ್ಲ. ಆರ್‌ಪಿಎಂ ಲೆಕ್ಕ ಮಾತ್ರ ಹಾಕಿದ್ದೆ.

ಅಷ್ಟೊತ್ತಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ಎದೆರೋಗದ ಡಾಕ್ಟರ ಹತ್ತಿರ ಹೋದೆ. ಅವರ ಮೊದಲ ಪ್ರಶ್ನೆ ವಿಚಿತ್ರ ಅನ್ನಿಸಿತು. "ಪಾರಿವಾಳ ಸಾಕಿದ್ದೀರಾ? ಬೂಷ್ಟು ಹಿಡಿದ ಮೇವು ಏನಾದರೂ ಮುಟ್ಟುತ್ತೀರಾ?" ಇಲ್ಲ ಸರ್, ಕಟ್ಟಿಗೆ ಕಡೆಯುತ್ತೇನೆ ಅಂದೆ. ಮೊಬೈಲಿನಲ್ಲಿ ಗಡಿಗೆಯ ಫೋಟೋ ತೋರಿಸಿದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಗೆರೆ ನೋಡಿ, "ಇದು ಫಂಗಸ್ ಅಲ್ವಾ?" ಅಂದರು.

ಸಿಟಿ ಸ್ಕ್ಯಾನ್, ಊದಿಸಿ ನೋಡುವ ಪರೀಕ್ಷೆ ಎಲ್ಲ ಆಯಿತು. ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಅಂದರು. ಒಳಗೆ ಹೋದ ಸೂಕ್ಷ್ಮ ಧೂಳು, ಬೂಷ್ಟಿನ ಕಣಗಳ ಮೇಲೆ ನಮ್ಮ ದೇಹವೇ ಶ್ವಾಸಕೋಶದಲ್ಲಿ ಯುದ್ಧಕ್ಕೆ ನಿಲ್ಲುವುದು. ಬೂಷ್ಟು ಹಿಡಿದ ಹುಲ್ಲು ಕೆದಕುವ ರೈತರಿಗೆ ಬರುವ ಫಾರ್ಮರ್ಸ್ ಲಂಗ್ ಇದೇ ಜಾತಿಯದು. ಹೊರದೇಶದಲ್ಲಿ ಮೇಪಲ್ ಮರದ ತೊಗಟೆ ಸುಲಿಯುವವರಿಗೂ ಬಂದದ್ದಿದೆ. ಧೂಳು ಕುಡಿದ ನಾಲ್ಕರಿಂದ ಎಂಟು ತಾಸಿಗೆ ಜ್ವರ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಕೆಲಸ ಮಾಡುವಾಗ ಏನೂ ಗೊತ್ತಾಗುವುದಿಲ್ಲ, ಮಲಗಿದ ಮೇಲೆ ಗೊತ್ತಾಗುತ್ತದೆ. ಎಲ್ಲರಿಗೂ ಬರುವುದಿಲ್ಲ. ಬಂದವರು ಬಿಡದೆ ಅದೇ ಧೂಳು ಕುಡಿಯುತ್ತಾ ಹೋದರೆ ಶ್ವಾಸಕೋಶ ಗಾಯ ಮಾಯ್ದ ಚರ್ಮದ ಹಾಗೆ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ನನಗೆ ಸ್ಟೆರಾಯ್ಡ್ ಮಾತ್ರೆ ಕೊಟ್ಟರು. ಮೊದಲಿನಂತೆ ಉಸಿರಾಡಲು ದೀಪಾವಳಿ ಬಂತು.

"ಕಟ್ಟಿಗೆ ಒಣಗಿಸಿದರೆ ಬೂಷ್ಟು ಸಾಯ್ತದಲ್ಲ, ಆಮೇಲೇನು ಭಯ?" ಅಂತ ಗೆಳೆಯರೊಬ್ಬರು ಕೇಳಿದರು. ನನ್ನ ವಾದವೂ ಮೊದಲು ಅದೇ ಆಗಿತ್ತು. ಆದರೆ ಅಲರ್ಜಿಗೆ ಜೀವಂತ ಬೂಷ್ಟೇ ಬೇಕೆಂದಿಲ್ಲ, ಸತ್ತದ್ದರ ಪುಡಿಯೂ ಸಾಕು. ಇನ್ನು ಒಳ್ಳೆ ಕಟ್ಟಿಗೆಯ ಧೂಳೂ ಸಾಚಾ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕಟ್ಟಿಗೆ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಇಷ್ಟು ಓದಿದ ಮೇಲೂ ಗಡಿಗೆ ಮಾಡೇ ಮಾಡುತ್ತೇನೆ ಅನ್ನುವವರಿಗೆ ಒಂದೇ ಮಾತು, ಊದಬೇಡಿ. ಲೇತ್ ನಿಲ್ಲಿಸಿ, ಉದ್ದ ಹಿಡಿಯ ಚಮಚದಿಂದ ಕೆರೆದು ತೆಗೆಯಿರಿ, ಇಲ್ಲವೇ ವ್ಯಾಕ್ಯೂಮ್ ಪೈಪು ಹಾಕಿ ಎಳೆಯಿರಿ. ಕೆಲಸ ಮುಗಿದ ಕೂಡಲೇ ಮಾಸ್ಕ್ ತೆಗೆಯಬೇಡಿ, ಕಣ್ಣಿಗೆ ಕಾಣದ ಧೂಳು ತಾಸುಗಟ್ಟಲೆ ಗಾಳಿಯಲ್ಲೇ ಇರುತ್ತದೆ. ಬಟ್ಟೆ ಮಾಸ್ಕು ದಂಡ. ಎನ್95 ಆದರೂ ಬೇಕು, ಅದೂ ಮುಖಕ್ಕೆ ಗಾಳಿ ಸೋರದ ಹಾಗೆ ಅಂಟಿ ಕೂರಬೇಕು. ಗಡ್ಡ ಇದ್ದರೆ ಕೂರುವುದಿಲ್ಲ. ನಾನು ಇಪ್ಪತ್ತು ವರ್ಷದ ಗಡ್ಡ ತೆಗೆಸಿದೆ. ಮಗಳು ಎರಡು ದಿನ ನನ್ನ ಮುಖ ನೋಡಿ ನಕ್ಕಳು. ಆದರೆ ಒಮ್ಮೆ ನನ್ನ ಹಾಗೆ ಜ್ವರ ಬಂದವರಿಗೆ ಮಾಸ್ಕಿನ ಭರವಸೆಯೂ ಸಾಲದು. ಅವರು ಈ ಕಟ್ಟಿಗೆಯನ್ನೇ ಬಿಡಬೇಕು. ನಾನು ಬಿಟ್ಟೆ.

ಗಡಿಗೆ ಮುಗಿದಿದೆ, ಪಾಲಿಶ್ ಆಗಿದೆ, ನಿಜವಾಗಿಯೂ ಚೆಂದ ಬಂದಿದೆ. ಮನೆಯೊಳಗೆ ತರಲು ಅಪ್ಪಣೆ ಸಿಕ್ಕಿಲ್ಲ. ಉಳಿದ ಎರಡು ತುಂಡನ್ನು ಇಬ್ಬರು ಕೇಳಿದರು, ಕೊಡಲಿಲ್ಲ. ಷೆಡ್ಡಿನ ಹಿಂದೆ ಮಳೆಗೆ ಬಿದ್ದಿವೆ. ಹೋದ ವಾರ ನೋಡಿದರೆ ಒಂದರ ಮೈಮೇಲೆ ಕಿವಿಯಾಕಾರದ ಅಣಬೆ ಸಾಲಾಗಿ ಎದ್ದಿದ್ದವು.