ವಿಯೆನ್ನಾಗೆ ಒಬ್ಬರೇ ಹೋಗುವವರು ಓದಿ: ಶನಿವಾರ ಸಂಜೆ ಜ್ವರ ಬಂದರೆ

ಯುರೋಪಿಗೆ ಹೊರಟವರಿಗೆ ಎಲ್ಲರೂ ಜೇಬುಗಳ್ಳರ ಬಗ್ಗೆ ಹೇಳುತ್ತಾರೆ. ಜ್ವರದ ಬಗ್ಗೆ ಯಾರೂ ಹೇಳುವುದಿಲ್ಲ. ಅದರಲ್ಲೂ ಒಬ್ಬರೇ ಇರುವಾಗ, ಆಸ್ಟ್ರಿಯಾದಲ್ಲಿ, ಶನಿವಾರ ಸಂಜೆ ಬರುವ ಜ್ವರದ ಬಗ್ಗೆ. ಹೋದ ಅಕ್ಟೋಬರಿನಲ್ಲಿ ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ ಅಂತ ಬರೆಯುತ್ತಿದ್ದೇನೆ.

ಪ್ರಾಗ್‌ನಲ್ಲೇ ಗಂಟಲು ಕೆರೆಯುತ್ತಿತ್ತು. ಬೆಂಗಳೂರಿನಿಂದ ತಂದಿದ್ದ ಡೋಲೋ ಅಲ್ಲೇ ಖಾಲಿಯಾಯಿತು. ಮೆಡಿಕಲ್ ಸ್ಟೋರ್ ಇಲ್ಲದ ಊರುಂಟಾ ಎಂದು ರೈಲು ಹತ್ತಿದೆ. ನಾಲ್ಕು ಗಂಟೆಯ ದಾರಿ. ವಿಯೆನ್ನಾದಲ್ಲಿ ರೂಮು ತಲುಪುವಷ್ಟರಲ್ಲಿ ಮೈ ಕೆಂಡವಾಗಿತ್ತು.

ಅಲ್ಲಿ ಶನಿವಾರ ಸಂಜೆ 6ಕ್ಕೆ ಸೂಪರ್‌ಮಾರ್ಕೆಟ್ ಮುಚ್ಚಿದರೆ ಮತ್ತೆ ತೆರೆಯುವುದು ಸೋಮವಾರ. ದೊಡ್ಡ ರೈಲ್ವೆ ಸ್ಟೇಷನ್‌ಗಳ ಒಳಗಿರುವ ಕೆಲವು ಮಾತ್ರ ಭಾನುವಾರವೂ ನಡೆಯುತ್ತವೆ. ಔಷಧಿ ಅಂಗಡಿಗಳು, ಅವರು ಅಪೊಟೇಕೆ ಅನ್ನುತ್ತಾರೆ, ಹೆಚ್ಚಿನವು ಶನಿವಾರ ಮಧ್ಯಾಹ್ನವೇ ಬಂದ್. ರೂಮಿನ ಪಕ್ಕದ ಸೂಪರ್‌ಮಾರ್ಕೆಟ್ ಬಾಗಿಲು ಹಾಕುವ ಹೊತ್ತಿಗೆ ನುಗ್ಗಿದೆ. ವಿಟಮಿನ್ ಇತ್ತು, ಗಂಟಲಿಗೆ ಚೀಪುವ ಮಿಠಾಯಿ ಇತ್ತು, ಪ್ಯಾರಾಸಿಟಮಾಲ್ ಮಾತ್ರ ಇರಲಿಲ್ಲ. ಅದು ಸಿಗುವುದು ಅಪೊಟೇಕೆಯಲ್ಲೇ. ನಮ್ಮಲ್ಲಿ ಪೆಟ್ಟಿಗೆ ಅಂಗಡಿಯವನೂ ಎರಡು ಮಾತ್ರೆ ಕತ್ತರಿಸಿ ಕೊಡುತ್ತಾನೆ, ಸರಿಯೋ ತಪ್ಪೋ.

ಆದರೆ ದಾರಿ ಇದೆ. ಮುಚ್ಚಿದ ಅಪೊಟೇಕೆಯ ಬಾಗಿಲಲ್ಲೇ, ಆ ರಾತ್ರಿ ಪಾಳಿಯಲ್ಲಿರುವ ಹತ್ತಿರದ ಅಂಗಡಿಯ ವಿಳಾಸ ಹಾಕಿರುತ್ತಾರೆ. 1455ಕ್ಕೆ ಫೋನ್ ಮಾಡಿದರೂ ತಿಳಿಯುತ್ತದೆ. ಟ್ರಾಮ್ ಹಿಡಿದು ಅಲ್ಲಿಗೆ ಹೋದರೆ ಆ ಅಂಗಡಿಯ ಬಾಗಿಲೂ ಹಾಕಿದೆ! ಇದು ನೆನಪಿರಲಿ, ಮುಚ್ಚಿದೆ ಅಂತ ವಾಪಸ್ ಬರಬೇಡಿ. ಪಕ್ಕದಲ್ಲಿ ಬೆಲ್ ಇರುತ್ತದೆ. ಒತ್ತಿದೆ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲೊಂದು ಸಣ್ಣ ಕಿಂಡಿ ತೆರೆದು, ಬಿಳಿ ಕೋಟು ಹಾಕಿದ್ದ ಹೆಂಗಸು ಇಣುಕಿದರು. ಜ್ವರ, ತಲೆನೋವು, ಮೈಕೈ ನೋವು ಎಂದೆ. ಆಸ್ಪಿರಿನ್ ಡಬ್ಬಿಯೊಂದನ್ನು ಕಿಂಡಿಯಲ್ಲಿ ಇಟ್ಟರು. “ನಾನು ಇಂಡಿಯಾದಿಂದ ಬಂದು ವಾರವೂ ಆಗಿಲ್ಲ, ಅಲ್ಲೀಗ ಡೆಂಗಿ ಜಾಸ್ತಿ” ಎಂದೆ. ಇಟ್ಟ ಕೈ ಹಾಗೇ ಹಿಂದೆ ಹೋಯಿತು. ಪ್ಯಾರಾಸಿಟಮಾಲ್ ಬಂತು.

ಈ ವಿಷಯ ಗಟ್ಟಿಯಾಗಿ ಹೇಳಬೇಕು. ಡೆಂಗಿ ಸೊಳ್ಳೆ ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 4ರಿಂದ 10 ದಿನ ಬೇಕು. ಅಂದರೆ ಊರಲ್ಲಿ ಕಚ್ಚಿಸಿಕೊಂಡು ಯುರೋಪಿನಲ್ಲಿ ಮಲಗಬಹುದು. ಡೆಂಗಿ ಇದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಚಳಿಯ ಊರಿನಲ್ಲಿ ಜ್ವರ ಅಂದರೆ ಫ್ಲೂ ಅಂದುಕೊಳ್ಳುತ್ತಾರೆ, ಅದು ಸಹಜ. ಎಲ್ಲಿಂದ ಬಂದಿರಿ ಅಂತ ಅವರು ಕೇಳದಿದ್ದರೂ ನೀವೇ ಹೇಳಿ.

ಭಾನುವಾರ ಬೆಳಗ್ಗೆ 11ಕ್ಕೆ ಚೆಕ್‌ಔಟ್. ಮುಂದಿನ ರೂಮು ಸಿಗುವುದು 3ಕ್ಕೆ. ಎರಡೂ ರಿಸೆಪ್ಷನ್ ಇಲ್ಲದ, ಬಾಗಿಲಿಗೆ ಕೋಡ್ ಒತ್ತಿ ಹೋಗುವ ಅಪಾರ್ಟ್‌ಮೆಂಟ್‌ಗಳು. ಜ್ವರ, ಇನ್ನೊಂದೆರಡು ಗಂಟೆ ಇರಲೇ ಎಂದು ಮೆಸೇಜ್ ಮಾಡಿದರೆ ‘ಒಳ್ಳೆಯ ಪ್ರಯಾಣ’ ಅಂತ ಮೊದಲೇ ಬರೆದಿಟ್ಟ ಉತ್ತರ ಬಂತು. ಜಗಳ ಆಡೋಣ ಅಂದರೆ ಎದುರಿಗೆ ಮನುಷ್ಯರೇ ಇಲ್ಲ.

ಹಾಗಾಗಿ ಸೂಟ್‌ಕೇಸ್ ಸ್ಟೇಷನ್ ಲಾಕರಿಗೆ ಹಾಕಿ ವಿಯೆನ್ನಾ ನೋಡಿದೆ. ಸ್ಟೆಫಾನ್ಸ್‌ಡೋಮ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು. ಕೆಳಗಿನಿಂದಲೇ ಕೈ ಮುಗಿದೆ. ಜ್ವರದವರಿಗೆ ಆ ಊರಲ್ಲಿ ಒಳ್ಳೆಯದು ಎರಡೇ. ಒಂದು, 24 ಗಂಟೆಯ ಟಿಕೆಟ್ ಮತ್ತು ಡಿ ನಂಬರಿನ ಟ್ರಾಮ್. ಬೆಲ್ವೆಡೇರ್ ಅರಮನೆ, ಒಪೆರಾ, ಪಾರ್ಲಿಮೆಂಟ್, ಟೌನ್‌ಹಾಲ್ ಎಲ್ಲ ಕಿಟಕಿಯಲ್ಲೇ ಹಾದುಹೋಗುತ್ತವೆ, ಒಳಗೆ ಬೆಚ್ಚಗಿರುತ್ತದೆ. ಕಾಗದದ ಟಿಕೆಟ್ ಆದರೆ ಹತ್ತುವಾಗ ನೀಲಿ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸಿ. ಇಲ್ಲದಿದ್ದರೆ ದಂಡ 100 ಯೂರೋ ಮೀರುತ್ತದೆ. ಇನ್ನೊಂದು, ಹಳೆಯ ಕಾಫಿ ಹೌಸ್. ಒಂದೇ ಕಾಫಿ ಇಟ್ಟುಕೊಂಡು ಎಷ್ಟು ಹೊತ್ತು ಕೂತರೂ ಎಬ್ಬಿಸುವುದಿಲ್ಲ, ಜೊತೆಗೊಂದು ಲೋಟ ನೀರು. ಅಲ್ಲಿಯ ನಲ್ಲಿ ನೀರು 1873ರಿಂದ ಆಲ್ಪ್ಸ್ ಬೆಟ್ಟಗಳ ಒರತೆಯಿಂದ ಬರುತ್ತಿದೆ, ಧೈರ್ಯವಾಗಿ ಕುಡಿಯಬಹುದು.

ಊಟದ ಕಥೆ ಬೇಡ. ಸಸ್ಯಾಹಾರಿಗಳು ಒಂದು ತಿಳಿದಿರಿ: ನೋಡಲು ತಿಳಿಸಾರಿನಂತಿರುವ ಅವರ ಸೂಪು ಸಾಮಾನ್ಯವಾಗಿ ದನದ ಮಾಂಸ ಕುದಿಸಿದ ನೀರು. ಟರ್ಕಿಯವರ ಹೋಟೆಲುಗಳಲ್ಲಿ ಕೆಂಪು ಬೇಳೆಯ ಸೂಪು ಸಿಗುತ್ತದೆ. ಮಾಂಸದ ನೀರು ಹಾಕಿದ್ದೀರಾ ಅಂತ ಕೇಳಿ, ನಿಂಬೆ ಹಿಂಡಿಕೊಂಡು ಕುಡಿಯಿರಿ, ಜೀವ ಬರುತ್ತದೆ.

ರಾತ್ರಿ ಜ್ವರ ಮತ್ತೆ ಏರಿತು. ಎರಡನೇ ಮನೆಯ ಮಾಲೀಕ ಒಂದು ನಂಬರ್ ಕೊಟ್ಟ, ಇಂಗ್ಲಿಷ್ ಬರುವ ಡಾಕ್ಟರ್, ರೂಮಿಗೇ ಬರುತ್ತಾರೆ ಅಂತ. ಫೀಸ್ ಎಷ್ಟು ಎಂದು ಫೋನಿನಲ್ಲಿ ಕೇಳಿದರೆ “ಇನ್ಶೂರೆನ್ಸ್ ಕೊಡುತ್ತೆ ಬಿಡಿ” ಎಂದರು. ಬಂದವರು ಹತ್ತು ನಿಮಿಷ ಇದ್ದರು. ಡೆಂಗಿ ಇರಬಹುದಾ ಅಂದದ್ದಕ್ಕೆ ನಕ್ಕರು. ಇಂಜೆಕ್ಷನ್ ಚುಚ್ಚಿದರು. ಯಾವುದು ಎಂದರೆ “ನೋವಿಗೆ” ಅಷ್ಟೇ. ಆಮೇಲೆ ಕಾರ್ಡ್ ಮಷಿನ್ ಚಾಚಿದರು: 390 ಯೂರೋ. ಕೊಟ್ಟ ರಸೀದಿಯಲ್ಲಿ ಮೊತ್ತ ಮತ್ತು ಒಂದು ಗೀಚು, ಇನ್ನೇನಿಲ್ಲ. ಕೈ ನಡುಗುತ್ತಾ ಒಬ್ಬರೇ ಕೂತಿರುವವರ ಹತ್ತಿರ ಹೀಗೆ ವಸೂಲಿ ಮಾಡುವುದಕ್ಕೆ ಬೇರೆ ಹೆಸರಿದೆ, ಇಲ್ಲಿ ಬರೆಯುವುದಿಲ್ಲ.

ಇಂಥ ನಂಬರ್ ಯಾರು ಕೊಟ್ಟರೂ ಮೊದಲು 1450 ಒತ್ತಿ. ಅದು ಅಲ್ಲಿಯ ಸರ್ಕಾರದ ಆರೋಗ್ಯ ಸಲಹೆಯ ಸಾಲು, ದಿನವಿಡೀ ಇರುತ್ತದೆ. ನನ್ನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡಿದರು. ರಾತ್ರಿ ಮತ್ತು ವಾರಾಂತ್ಯದಲ್ಲಿ ಡಾಕ್ಟರ್ ಬೇಕಿದ್ದರೆ 141, ಆಂಬುಲೆನ್ಸ್‌ಗೆ 144. ಅವರು ಸೆಲ್ಸಿಯಸ್‌ನಲ್ಲಿ ಕೇಳುತ್ತಾರೆ, 102 ಎಂದು ಹೇಳಿ ಗಾಬರಿ ಪಡಿಸಬೇಡಿ, 38.9 ಅನ್ನಿ. ಸೋಮವಾರ ಅವರು ಹೇಳಿದ ಆಸ್ಪತ್ರೆಗೆ ಹೋದೆ, ರಕ್ತ ಪರೀಕ್ಷೆಯಾಯಿತು. ಡೆಂಗಿ ಅಲ್ಲ, ಫ್ಲೂ. ಅಲ್ಲಿಯ ಡಾಕ್ಟರ್ ನನ್ನನ್ನು ಕೇಳಿದ ಮೊದಲನೇ ಪ್ರಶ್ನೆ, ಯಾವ ದೇಶದಿಂದ ಯಾವತ್ತು ಹೊರಟಿರಿ ಎಂಬುದು.

ಕೋಡ್ ಬಾಗಿಲಿನ ರೂಮುಗಳಲ್ಲಿ ತಲೆ ಸುತ್ತಿ ಬಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ವಿಳಾಸ ಮತ್ತು ಕೋಡ್ ಊರಲ್ಲಿ ಒಬ್ಬರಿಗಾದರೂ ಕಳಿಸಿರಿ. ನಾನು ತಮ್ಮನಿಗೆ ಕಳಿಸಿದೆ. ಅಮ್ಮನಿಗೆ ಸುಮ್ನೆ ಶೀತ ಅಂದೆ.

ಇನ್ನು ಇನ್ಶೂರೆನ್ಸ್. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ ಅಂತ ಎಲ್ಲರೂ ಮಾಡಿಸುತ್ತೇವೆ, ಓದುವವರು ಯಾರು ಅಲ್ವಾ? ನನ್ನ ಪಾಲಿಸಿಯಲ್ಲಿ ಮೊದಲ 100 ಡಾಲರ್ ನಮ್ಮದೇ ಖರ್ಚು. ಆಸ್ಪತ್ರೆಯ ಬಿಲ್ಲಿನಲ್ಲಿ ಅದನ್ನು ಕಳೆದು ಉಳಿದದ್ದು ಬಂತು. ಆ 390 ಇನ್ನೂ ಬಂದಿಲ್ಲ, ರೋಗದ ಹೆಸರಿಲ್ಲದ ರಸೀದಿ ನಡೆಯುವುದಿಲ್ಲವಂತೆ. ರೋಗದ ಹೆಸರು, ಕೊಟ್ಟ ಔಷಧಿ, ದಿನಾಂಕ, ಡಾಕ್ಟರ ಹೆಸರು ಮತ್ತು ಸಹಿ, ಇಷ್ಟೂ ಬರೆಸಿಕೊಂಡ ಮೇಲೇ ಕಾರ್ಡ್ ತೆಗೆಯಿರಿ. ಅವರು ಬಾಗಿಲು ದಾಟಿದ ಮೇಲೆ ಆ ನಂಬರಿನಲ್ಲಿ ಫೋನ್ ಎತ್ತುವವರಿಲ್ಲ.