ಜಿಲ್ಲಾಸ್ಪತ್ರೆಯ ಹೆಪಟೈಟಿಸ್ ವಿಭಾಗ: ಒಂದೂವರೆ ವರ್ಷ ಓಡಾಡಿದ ಮೇಲೆ ಬರೆಯುತ್ತಿದ್ದೇನೆ

ನಾನು ಟೈಲರ್, ಮನೆಯ ಮುಂದಿನ ರೂಮಿನಲ್ಲೇ ಬ್ಲೌಸ್ ಹೊಲಿಯುತ್ತೇನೆ. 2016ರಲ್ಲಿ ಗರ್ಭಕೋಶದ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿದಾಗ ಲಿವರಿಗೆ ತಗಲುವ ವೈರಸ್ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಯಿತು. ಆಮೇಲೆ ಏಳು ವರ್ಷ ಒಂದು ಖಾಸಗಿ ಆಸ್ಪತ್ರೆಗೆ ಹೋಗುತ್ತಿದ್ದೆ. ಪ್ರತಿ ಸಲವೂ ‘ಬಿ ಸುಮ್ಮನಿದೆ, ಲಿವರ್‌ನಲ್ಲಿ ಕೊಬ್ಬಿದೆ, ಕರಿದದ್ದು ಬಿಡಿ’ ಅನ್ನೋರು, ಒಂದು ಟಾನಿಕ್ ಬರೆಯೋರು. ಕರಿದದ್ದು ಬಿಟ್ಟೆ. ಯುಗಾದಿಗೂ ಹೋಳಿಗೆ ಮೇಲೆ ತುಪ್ಪ ಹಾಕಿಕೊಳ್ಳಲಿಲ್ಲ. ಎಸ್‌ಜಿಪಿಟಿ (ಲಿವರ್ ಕೆಟ್ಟರೆ ರಕ್ತದಲ್ಲಿ ಏರುವ ಅಂಕಿ) ಮಾತ್ರ ನೂರರ ಕೆಳಗೆ ಇಳಿಯಲೇ ಇಲ್ಲ.

ಜಿಲ್ಲಾಸ್ಪತ್ರೆಗೆ ಹೋಗು ಅಂದಿದ್ದು ನನ್ನ ತಂಗಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ, ಸಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತ. ನನಗೆ ಅದು ಗೊತ್ತೇ ಇರಲಿಲ್ಲ.

ಮೊದಲ ದಿನ ಡಾಕ್ಟರ್ ಮೇಡಂ ನನ್ನ ಹಳೇ ರಿಪೋರ್ಟ್‌ಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಟೇಬಲ್ ಮೇಲೆ ಸಾಲಾಗಿ ಹರಡಿದರು. ಎರಡು ಅಂಕಿಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿದರು. ಬಿ ವೈರಸ್ಸಿನ ಲೆಕ್ಕ 340, ಎಸ್‌ಜಿಪಿಟಿ 108. ‘ಅಮ್ಮಾ, ಇವೆರಡಕ್ಕೂ ತಾಳೆ ಆಗ್ತಿಲ್ಲ. ಬಿ ಇಷ್ಟು ಕಡಿಮೆ ಇದ್ದರೆ ಲಿವರ್ ಇಷ್ಟು ಯಾಕೆ ಕೆಡಬೇಕು? ಸಿ ಪರೀಕ್ಷೆ ಯಾವತ್ತಾದರೂ ಮಾಡಿಸಿದ್ದೀರಾ?’ ಅಂದರು. ಅಳತೆಗೂ ಬಟ್ಟೆಗೂ ತಾಳೆ ಆಗದಿದ್ದರೆ ಕತ್ತರಿ ಕೆಳಗಿಡೋಳು ನಾನು. ಆ ಮಾತು ನನಗೆ ತಕ್ಷಣ ಅರ್ಥವಾಯಿತು. ಏಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಸಿ ಇತ್ತು. 1998ರಲ್ಲಿ ದೊಡ್ಡ ಮಗಳ ಹೆರಿಗೆಯಲ್ಲಿ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ದಾನಿಗಳ ರಕ್ತಕ್ಕೆ ಸಿ ಪರೀಕ್ಷೆ ನಮ್ಮ ದೇಶದಲ್ಲಿ ಕಡ್ಡಾಯವಾಗಿದ್ದು 2001ರಲ್ಲಿ. ಅಲ್ಲಿಂದಲೇ ಬಂದಿರಬೇಕು ಅಂದರು.

ಎರಡೂ ಒಟ್ಟಿಗಿದ್ದಾಗ ಏನಾಗುತ್ತದೆ ಅಂತ ಮೇಡಂ ಬಿಡಿಸಿ ಹೇಳಿದರು. ಸಾಮಾನ್ಯವಾಗಿ ಸಿ ಜೋರು ಮಾಡುತ್ತದೆ, ಬಿ ಅದರ ಕೆಳಗೆ ತಲೆ ತಗ್ಗಿಸಿ ಕೂತಿರುತ್ತದೆ. ಅದಕ್ಕೇ ರಿಪೋರ್ಟಿನಲ್ಲಿ ಬಿ ಸುಮ್ಮನಿದ್ದಂತೆ ಕಂಡಿದ್ದು. ಒಂದೇ ವೈರಸ್ ಇದ್ದವರಿಗಿಂತ ಎರಡೂ ಇದ್ದವರ ಲಿವರ್ ಬೇಗ ಗಟ್ಟಿಯಾಗುತ್ತದೆ, ಸಿರೋಸಿಸ್, ಕ್ಯಾನ್ಸರ್ ಅಪಾಯವೂ ಹೆಚ್ಚು. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ನನಗೆ 10.9 ಬಂತು, ಅಂದರೆ ಆಗಲೇ ಸಾಕಷ್ಟು ಗಟ್ಟಿಯಾಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಮುಖ್ಯ ವಿಷಯ. ಸಿ ಗುಣವಾಗುತ್ತಿದ್ದಂತೆ ಅಡಗಿದ್ದ ಬಿ ಎದ್ದು ಲಿವರ್ ಮೇಲೆ ಬೀಳಬಹುದು. ಆದ್ದರಿಂದ ಸಿಗೆ ಕೊಡುವ ಸೊಫೋಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆಗಳ ಜೊತೆಗೇ ಬಿಗೆ ಟೆನೊಫೊವಿರ್ ಕೂಡ ಶುರು ಮಾಡಿದರು. ಅದಕ್ಕೂ ಮುಂಚೆ ಎಚ್‌ಐವಿ ಪರೀಕ್ಷೆ ಮಾಡಿಸಿದರು. ‘ಬೇಜಾರು ಮಾಡ್ಕೋಬೇಡಿ, ಟೆನೊಫೊವಿರ್ ಎಚ್‌ಐವಿಗೂ ಕೊಡೋ ಔಷಧಿ. ಅದಿದೆ ಅಂತ ಗೊತ್ತಿಲ್ಲದೆ ಇದೊಂದನ್ನೇ ಕೊಟ್ಟರೆ ಆ ವೈರಸ್ ಔಷಧಿಗೆ ಬಗ್ಗದ ಹಾಗೆ ಆಗಬಹುದು’ ಅಂತ ಸಿಸ್ಟರ್ ಬಾಗಿಲು ಹಾಕಿ, ಮೆಲ್ಲಗೆ ಹೇಳಿದರು. ಇಲ್ಲ ಅಂತ ಬಂತು.

28 ಮಾತ್ರೆಯ ಡಬ್ಬಿ, ಮೂರು ತಿಂಗಳು. ಒಂದು ದಿನವೂ ಸ್ಟಾಕ್ ಇಲ್ಲ ಅನ್ನಲಿಲ್ಲ, ಒಂದು ರೂಪಾಯಿ ಕೇಳಲಿಲ್ಲ. ಮುಗಿದು 12 ವಾರದ ಮೇಲೆ ಮತ್ತೆ ನೋಡಿದರೆ ರಕ್ತದಲ್ಲಿ ಸಿ ಇಲ್ಲ. ಎಸ್‌ಜಿಪಿಟಿ 31. ಆ ಕಾಗದವನ್ನು ಹೊಲಿಗೆ ಮೆಷಿನ್ ಎದುರಿನ ಗೋಡೆಗೆ ಅಂಟಿಸಿದ್ದೇನೆ. ಟೆನೊಫೊವಿರ್ ಮುಂದುವರಿದಿದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್‌ಗೆ ಹೋಗಬೇಕು.

ಕೊರತೆಗಳನ್ನೂ ಹೇಳಬೇಕು. ಈ ಓಪಿಡಿ ಇರುವುದು ಮಂಗಳವಾರ ಮಾತ್ರ, ಅವತ್ತು ಅಂಗಡಿ ಮುಚ್ಚಿಯೇ ಹೋಗಬೇಕು. ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ವೈರಲ್ ಲೋಡ್ ರಿಪೋರ್ಟ್ ಬರಲು 18 ದಿನ ಆಯಿತು. ಹೆಪಟೈಟಿಸ್ ಡಿ ಪರೀಕ್ಷೆ ಅಲ್ಲಿ ಇಲ್ಲ. ಡಿ ಅನ್ನೋದು ಬಿಯ ಹೊದಿಕೆ ಇಲ್ಲದೆ ಬದುಕಲಾರದ ವೈರಸ್, ಬಿ ಇದ್ದವರಿಗೆ ಮಾತ್ರ ಬರುತ್ತದೆ, ಬಂದರೆ ಲಿವರನ್ನು ಬಹಳ ಬೇಗ ಹಾಳು ಮಾಡುತ್ತದೆ. ಹಾಗಿರುವಾಗ ಆ ಪರೀಕ್ಷೆ ಅಲ್ಲೇ ಆಗಬೇಕಿತ್ತು. ನಾನು ಕೈಯಿಂದ ದುಡ್ಡು ಕೊಟ್ಟು ಹೊರಗಿನ ಲ್ಯಾಬಿನಲ್ಲಿ ಮಾಡಿಸಿದೆ, ನೆಗೆಟಿವ್ ಬಂತು.

ನನಗೆ ನಿಜಕ್ಕೂ ನೋವಾಗಿದ್ದು ಔಷಧಿ ಕೌಂಟರಿನಲ್ಲಿ. ‘ಹೆಪಟೈಟಿಸ್ ಸಿ ಯಾರ್ರೀ?’ ಅಂತ ಅಷ್ಟು ಜನರ ಮುಂದೆ ಕೂಗಿದರು. ಸಾಲಿನಲ್ಲಿ ನನ್ನ ಹಿಂದಿದ್ದ ಹೆಂಗಸು ಮಗುವನ್ನು ಎಳೆದುಕೊಂಡು ಸರಿದು ನಿಂತಳು. ಮುಟ್ಟಿದರೆ, ಪಕ್ಕದಲ್ಲಿ ನಿಂತರೆ ಬರುವ ಕಾಯಿಲೆ ಅಲ್ಲ ಇದು. ಸಿಸ್ಟರ್ ಹತ್ತಿರ ಹೇಳಿಕೊಂಡೆ, ಕಾಗದದಲ್ಲೂ ಬರೆದು ಕೊಟ್ಟೆ. ಎರಡು ತಿಂಗಳಾದ ಮೇಲೆ ಟೋಕನ್ ನಂಬರ್ ಕೂಗಲು ಶುರು ಮಾಡಿದರು.

ಬಿ ಇದೆ ಅಂತ ಗೊತ್ತಿದ್ದು ಇನ್ನೂ ಸಿ, ಡಿ, ಎಚ್‌ಐವಿ ನೋಡಿಸದವರು ದಯವಿಟ್ಟು ಹೋಗಿ. ಹಳೇ ರಿಪೋರ್ಟ್ ಒಂದನ್ನೂ ಬಿಸಾಡದೆ ಎಲ್ಲ ತೆಗೆದುಕೊಂಡು ಹೋಗಿ, ಮನೆಯವರನ್ನೂ ಕರೆದುಕೊಂಡು ಹೋಗಿ. ನಮ್ಮ ಯಜಮಾನರಿಗೆ, ಇಬ್ಬರು ಹೆಣ್ಣುಮಕ್ಕಳಿಗೆ ಪರೀಕ್ಷೆ ಆಯಿತು, ಯಾರಿಗೂ ಏನೂ ಇಲ್ಲ. ಮೂವರಿಗೂ ಬಿ ಲಸಿಕೆ ಹಾಕಿದರು. ದೊಡ್ಡವಳ ಮೂರನೇ ಡೋಸ್ ಬರುವ ಮಂಗಳವಾರ.