ಲ್ವಿವ್‌ಗೆ ಹೋದರೆ ಅರ್ಮೇನಿಯನ್ ಚರ್ಚ್ ಮಾತ್ರ ಬಿಡಬೇಡಿ

ಉಕ್ರೇನಿನ ಪಶ್ಚಿಮದ ಲ್ವಿವ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ರಿನೋಕ್ ಚೌಕ, ಒಪೆರಾ ಹೌಸ್ ಅಂತ ಶುರು ಮಾಡುತ್ತಾರೆ. ಎರಡೂ ಚೆನ್ನಾಗಿವೆ, ಇಲ್ಲ ಅನ್ನಲ್ಲ. ಆದರೆ ನನ್ನನ್ನು ಕೇಳಿದರೆ ಮೊದಲು ಅರ್ಮೇನಿಯನ್ ಚರ್ಚ್‌ಗೆ ಹೋಗಿ.

ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆಸಿದ ಅರ್ಮೇನಿಯನ್ನರು 1363ರಲ್ಲಿ ಕಟ್ಟಲು ಶುರು ಮಾಡಿದ ಚರ್ಚ್ ಇದು. ಹೊರಗಿನಿಂದ ಅಂಥ ದೊಡ್ಡದಾಗಿ ಕಾಣಲ್ಲ. ಅಂಗಳಕ್ಕೆ ಹಳೆಯ ಸಮಾಧಿ ಕಲ್ಲುಗಳನ್ನೇ ಹಾಸಿದ್ದಾರೆ. ಒಳಗೆ ಹೋಗಿ ತಲೆ ಎತ್ತಿದರೆ ಗುಮ್ಮಟದ ತುಂಬ ಯೂಜೆಫ್ ಮೆಹೋಫರ್ ಅವರ ಮೊಸಾಯಿಕ್, ಗೋಡೆಗಳ ಮೇಲೆ ಯಾನ್ ಹೆನ್ರಿಕ್ ರೋಸೆನ್ 1920ರ ದಶಕದಲ್ಲಿ ಬರೆದ ಚಿತ್ರಗಳು. ಸಂತ ಓಡಿಲೋ ಅವರ ಶವಯಾತ್ರೆಯ ಚಿತ್ರವನ್ನು ಹುಡುಕಿ ನೋಡಿ. ಸನ್ಯಾಸಿಗಳು ಮೇಣದಬತ್ತಿ ಹಿಡಿದು ಶವ ಹೊತ್ತು ನಡೆಯುತ್ತಿದ್ದಾರೆ, ಅವರ ಪಕ್ಕದಲ್ಲೇ ಸತ್ತವರ ಆತ್ಮಗಳು ಮಬ್ಬು ನೆರಳಿನ ಹಾಗೆ ಹೆಜ್ಜೆ ಹಾಕುತ್ತಿವೆ. ಫೋಟೋದಲ್ಲಿ ಇದು ಅರ್ಧವೂ ಬರಲ್ಲ. ಸೋವಿಯತ್ ಕಾಲದಲ್ಲಿ ಇಂಥ ಜಾಗಕ್ಕೆ ಬೀಗ ಹಾಕಿ ಗೋದಾಮು ಮಾಡಿದ್ದರಂತೆ, ಕೇಳಿದರೆ ಸಂಕಟ ಆಗುತ್ತೆ.

ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಬೋಯಿಮ್ ಚಾಪೆಲ್ ಇದೆ. 17ನೇ ಶತಮಾನದ ಶುರುವಿನಲ್ಲಿ ಒಂದು ವ್ಯಾಪಾರಿ ಕುಟುಂಬ ತನ್ನವರ ಸಮಾಧಿಗೆಂದು ಕಟ್ಟಿಸಿದ್ದು. ಮುಂಭಾಗದ ಮರಳುಗಲ್ಲು ಕಪ್ಪಾಗಿದೆ, ಒಂದು ಗೇಣು ಜಾಗವನ್ನೂ ಕೆತ್ತದೆ ಬಿಟ್ಟಿಲ್ಲ. ಗುಮ್ಮಟದ ತುದಿಯಲ್ಲಿ ಯೇಸು ಕೆನ್ನೆಗೆ ಕೈಕೊಟ್ಟು ಕೂತಿದ್ದಾನೆ, ಹತ್ತಿರ ನಿಂತರೆ ಕಾಣಲ್ಲ, ಸ್ವಲ್ಪ ಹಿಂದೆ ಸರಿದು ನೋಡಬೇಕು.

ಡೊಮಿನಿಕನ್ ಚರ್ಚ್ ಭಾರಿ ಕಟ್ಟಡ. ಆದರೆ ನನಗೆ ಅದು ಹೊರಗಿನಿಂದಲೇ ಜಾಸ್ತಿ ಇಷ್ಟ.

ಮ್ಯೂಸಿಯಂಗಳಲ್ಲಿ ನನ್ನ ಮೊದಲ ಓಟು ಫಾರ್ಮಸಿ ಮ್ಯೂಸಿಯಂಗೆ. 1735ರಿಂದ ಇರುವ ಔಷಧಿ ಅಂಗಡಿ ಅದು, ಮುಂದೆ ಇವತ್ತಿಗೂ ಮಾತ್ರೆ ಮಾರುತ್ತಾರೆ, ಹಿಂದಿನ ಕೋಣೆಗಳಲ್ಲಿ ಮತ್ತು ನೆಲಮಾಳಿಗೆಯಲ್ಲಿ ಹಳೆಯ ಜಾಡಿ, ತಕ್ಕಡಿ, ಔಷಧಿ ಅರೆಯುವ ಸಾಮಾನು. ಕಬ್ಬಿಣಾಂಶ ಸೇರಿಸಿದ ವೈನ್ ಕೂಡ ಸಿಗುತ್ತೆ. ಶಿಲ್ಪ ಇಷ್ಟಪಡುವವರು ಪಿನ್ಸೆಲ್ ಮ್ಯೂಸಿಯಂಗೂ ಹೋಗಲೇಬೇಕು. 18ನೇ ಶತಮಾನದ ಆ ಶಿಲ್ಪಿ ಮರದಲ್ಲಿ ಕೆತ್ತಿದ ಬಟ್ಟೆಯ ಮಡಿಕೆಗಳು ಗಾಳಿಗೆ ಹಾರಾಡುತ್ತಿವೆ ಅನ್ನಿಸುತ್ತೆ!

ಇದೆಲ್ಲ ನಾನು ನೋಡಿದ್ದು ಯುದ್ಧಕ್ಕೆ ಮುಂಚೆ. 2022ರಲ್ಲಿ ಅಲ್ಲಿನವರು ರಿನೋಕ್ ಚೌಕದ ಕಾರಂಜಿಗಳ ಮೂರ್ತಿಗಳಿಗೆ ಹೊದಿಕೆ ಸುತ್ತಿದರು, ಚರ್ಚ್‌ಗಳ ಬಣ್ಣದ ಗಾಜಿಗೆ ಅಡ್ಡ ಕಟ್ಟಿದರು, ಅರ್ಮೇನಿಯನ್ ಚರ್ಚ್‌ನ ಮರದ ಶಿಲುಬೆಮೂರ್ತಿಯನ್ನು ಇಳಿಸಿ ಸುರಕ್ಷಿತ ಜಾಗಕ್ಕೆ ಸಾಗಿಸಿದರು. 1998ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದ್ದ ಹಳೆಯ ಊರನ್ನು 2023ರಲ್ಲಿ ಯುನೆಸ್ಕೋ ಅಪಾಯದಲ್ಲಿರುವ ತಾಣಗಳ ಜೊತೆ ಸೇರಿಸಿತು. ಹಾಗಾಗಿ ಈಗಲೇ ಟಿಕೆಟ್ ಮಾಡಿಸಿ ಅಂತ ನಾನು ಹೇಳಲ್ಲ. ಹೋಗುವ ಕಾಲ ಬಂದಾಗ ಒಂದೇ ದಿನದಲ್ಲಿ ಎಲ್ಲ ಮುಗಿಸುವ ಪ್ಯಾಕೇಜ್ ಮಾತ್ರ ಬೇಡ. ಬರೀ ಅರ್ಮೇನಿಯನ್ ಚರ್ಚ್‌ಗೇ ಒಂದು ಇಡೀ ಬೆಳಗ್ಗೆ ಇಟ್ಟುಕೊಳ್ಳಿ, ಪ್ರಾರ್ಥನೆ ನಡೆಯುತ್ತಿದ್ದರೆ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರಿ.